ಅರಳಿಮರದ ಮೇಲೆ ದಂಡಯಾತ್ರೆ

ಮೈಸೂರಿನ ಸೋದರತ್ತೆಗೆ ನಿಶ್ಚಿತಾಳ ನಮಸ್ಕಾರ.

ಸಿಂಗಾಪುರ ಚೆನ್ನಾಗಿದೆ, ಕಾಟ ನಮ್ಮವರದ್ದೇ. ನಮ್ಮ ಕಾಂಡೊ ಅಪಾರ್ಟ್‌ಮೆಂಟಿನ ಆವರಣದಲ್ಲಿ ದೊಡ್ಡದೊಂದು ಅರಳಿಮರ. ನಮ್ಮ ಕಡೆಯವರು ಊರಿನಲ್ಲಿಡುವ ಹಾಗೆಯೇ ಇಲ್ಲೂ ಹಳೆಯ ದೇವರ ಫೋಟೊಗಳನ್ನು ಅದರ ಬುಡದಲ್ಲಿಟ್ಟು ಹೋಗುತ್ತಾರೆ. ಗಲೀಜಾಗುತ್ತದೆ, ಮರವನ್ನೇ ಕಡಿಸೋಣ ಎಂದರು ನಿನ್ನೆಯ ಮೀಟಿಂಗಿನಲ್ಲಿ ನಿಮ್ಮ ಪರಿಚಯದ ಗಿರಿಧರ್ ಅಂಕಲ್. ಇಲ್ಲಿ ಅವರೇ ಸೆಕ್ರೆಟರಿ. ಇಟ್ಟವರು ಮನುಷ್ಯರು, ಕೊಡಲಿ ಮಾತ್ರ ಮರಕ್ಕೆ. ನನಗೆ ಮೈಯೆಲ್ಲ ಉರಿಯಿತು.

ನಾನು ಇಲ್ಲಿ ಪಾಠ ಮಾಡುವುದೇ ಯಹೂದಿಗಳ ಹಳೆಯ ಗ್ರಂಥಗಳಲ್ಲಿ ಬರುವ ಮರಗಳ ಬಗ್ಗೆ. ಎದ್ದು ನಿಂತು ಹೇಳಿದೆ. ಅವರ ಮೂಲಪುರುಷ ಯಾಕೋಬನೂ ಮನೆಯವರು ಬಿಟ್ಟುಕೊಟ್ಟ ವಿಗ್ರಹಗಳನ್ನು ಓಕ್ ಮರದ ಬುಡದಲ್ಲೇ ಹೂತ, ಮರ ಕಡಿಯಲಿಲ್ಲ. ಶತ್ರುವಿನ ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಕ್ಕೆ ಕೊಡಲಿ ಹಾಕಬೇಡಿ, ಮರವೇನು ನಿಮ್ಮೊಡನೆ ಯುದ್ಧಕ್ಕೆ ನಿಂತ ಮನುಷ್ಯನೇ ಎಂದು ಅವರ ಧರ್ಮಶಾಸ್ತ್ರ ಕೇಳುತ್ತದೆ.

"ಅದು ಹಣ್ಣಿನ ಮರಕ್ಕೆ ತಾನೇ? ಅರಳಿ ಹಣ್ಣು ಯಾರಮ್ಮ ತಿಂತಾರೆ?" ಎಂದರು ಅಂಕಲ್. ಎಲ್ಲರೂ ನಕ್ಕರು.

"ಹಕ್ಕಿಗಳನ್ನ ಕೇಳಿ, ಅಂಕಲ್" ಎಂದೆ. ಯಾರೂ ಕೇಳಲಿಲ್ಲ. ಮರ ಕಡಿಸುವುದೆಂದು ಕೈಯೆತ್ತಿ ಪಾಸ್ ಮಾಡಿದರು.

ನಿಮ್ಮ ಕಷಾಯದ ಪುಡಿಯಿಂದ ಗಂಟಲು ವಾಸಿಯಾಗಿತ್ತು, ಕೂಗಾಡಿ ಮತ್ತೆ ಕೆಟ್ಟಿದೆ. ಇನ್ನೊಂದು ಡಬ್ಬಿ ಕಳಿಸಿ.

ಕಾರ್ಡಿನಲ್ಲಿ ಹೆಚ್ಚು ಜಾಗವಿಲ್ಲ, ಇದೊಂದು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಮರದ ಹತ್ತಿರ ಹೋಗಿ ನೋಡಿದೆ. ಫೋಟೊಗಳ ರಾಶಿಯ ಮೇಲೆಯೇ ಇತ್ತು, ಅಂಕಲ್ ಮನೆಯ ಗೃಹಪ್ರವೇಶಕ್ಕೆಂದು ನೀವು ಕಸೂತಿ ಹಾಕಿ, ಫ್ರೇಮ್ ಮಾಡಿಸಿ ಕಳಿಸಿದ್ದ ಚಾಮುಂಡಿ. ಒರೆಸಿ ಮನೆಗೆ ತಂದಿಟ್ಟಿದ್ದೇನೆ. ಮುಂದಿನ ಮೀಟಿಂಗಿಗೆ ಅವಳನ್ನೂ ಕರೆದುಕೊಂಡು ಹೋಗುತ್ತೇನೆ.

ನಿಮ್ಮ ನಿಶ್ಚಿತಾ