ಬಾಳೆತೋಟದ ಹಸಿರು

ಮಾರ್ಚ್ ೧೪, ಗುರುವಾರ

ನಗರದ ಇಪ್ಪತ್ತು ವರ್ಷದ ಯೋಜನೆಯ ನಕ್ಷೆಯಲ್ಲಿ ಉದ್ಯಾನವೆಂದು ನಾನೇ ಹಸಿರು ಬಳಿದಿದ್ದ ಜಾಗವನ್ನು ಇವತ್ತು ಹೋಗಿ ನೋಡಿದೆ. ಬ್ಯಾಂಕಾಕಿನ ಎತ್ತರದ ಕಟ್ಟಡಗಳ ನಡುವೆ ಬಾಳೆತೋಟ. ಖಾಲಿ ನಿವೇಶನಕ್ಕೆ ತೆರಿಗೆ ಹೆಚ್ಚು, ತೋಟಕ್ಕೆ ಕಡಿಮೆ. ಹಾಗಾಗಿ ಮಾಲೀಕರು ಬಾಳೆ ನೆಡಿಸಿದ್ದಾರೆ. ಉಪಗ್ರಹದ ಚಿತ್ರದಲ್ಲಿ ಅದು ನನಗೆ ಉದ್ಯಾನದಂತೆ ಕಂಡಿತ್ತು.

“ಒಳ್ಳೇ ರೇಟು ಬಂದ ದಿನ ಎಲ್ಲಾ ಕಡಿದು ಕಟ್ಟಡ ಎಬ್ಬಿಸ್ತಾರೆ,” ಎಂದ ಕಾವಲುಗಾರ, ಒಂದು ಚಿಪ್ಪು ಹಣ್ಣು ಕೈಗಿಟ್ಟು.

ಅದು ಉದ್ಯಾನವಲ್ಲ, ನಕ್ಷೆ ತಿದ್ದಬೇಕು ಎಂದು ಕಚೇರಿಯಲ್ಲಿ ಮೇಲಧಿಕಾರಿ ಪ್ರಯೂನ್‌ಗೆ ಹೇಳಿದೆ.

“ಅಲ್ಲಿ ಹಸಿರಿದೆ ಅಂತ ಆ ಓಣಿಗೆ ಬರಬೇಕಿದ್ದ ಪಾರ್ಕನ್ನ ಬೇರೆ ಕಡೆ ಕೊಟ್ಟಾಯ್ತಲ್ಲ ತಂಗಿ. ಬಾಳೆ ಎಲೆ ಏನು ಕೆಂಪಗಿರುತ್ತಾ? ಸುಮ್ನಿರು.”

ನಕ್ಷೆ ತಿದ್ದಲಿಲ್ಲ. ಊಟ ಬೇಡವೆನಿಸಿ ಹಣ್ಣು ತಿಂದೆ. ಸಿಹಿಯಾಗಿತ್ತು. ಆ ಓಣಿಯ ಮಕ್ಕಳ ಉದ್ಯಾನವೆಂದರೆ ಈಗ ನನ್ನ ಮೇಜಿನ ಮೇಲಿನ ಈ ಚಿಪ್ಪು; ಅದರಲ್ಲಿ ಇನ್ನೆರಡು ಹಣ್ಣು ಉಳಿದಿವೆ. ನಾಳೆ ತಿಂಡಿಗೆ ಆಯಿತು.