ದ್ರಾಕ್ಷಿ ಚಪ್ಪರದ ಕೆಳಗೆ ನಿಂತೂ ಹೇಳದ ಮಾತು

ನಮ್ಮ ಹೋಬಳಿಯ ಪಶು ಆಸ್ಪತ್ರೆಯ ವೈದ್ಯಾಧಿಕಾರಿಗಳಾದ ಮಾನ್ಯರೇ,

ನಾಯಿಗೆ ದ್ರಾಕ್ಷಿ ವಿಷ ಎಂಬ ಮಾತನ್ನು ತಾವು ದ್ರಾಕ್ಷಿ ಕೊಂಡು ತಿನ್ನುವ ಲೇಔಟಿನವರಿಗೆ ಹೇಳಿದಿರಿ. ದ್ರಾಕ್ಷಿ ಬೆಳೆಯುವ ನಮಗೆ ಹೇಳಲಿಲ್ಲ. ಅದರಿಂದ ನಮ್ಮ ಮನೆಯ ಬಾಣಂತಿ ನಾಯಿ ಸತ್ತಿತು. ತಮ್ಮ ಮೇಜಿನ ಮೇಲೆ ಅದು ಕೊನೆಯುಸಿರು ಎಳೆಯುತ್ತಿದ್ದಾಗ ತಾವು ನನ್ನ ಮುಖ ನೋಡಿ, "ಕ್ಯಾಂಪಿಗೆ ಬರಬೇಕಿತ್ತಮ್ಮ" ಎಂದಿರಿ. ಆ ಮಾತಿಗೆ ನನಗೆ ಸಿಟ್ಟು ಬಂದಿದ್ದರೆ ಅಲ್ಲೇ ನಾಲ್ಕು ಮಾತಾಡಿ ಮನೆಗೆ ಬಂದು ಮರೆಯುತ್ತಿದ್ದೆ. ಬಂದದ್ದು ಹೇಸಿಗೆ. ಅದು ಎಷ್ಟು ತೊಳೆದರೂ ಹೋಗುತ್ತಿಲ್ಲ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು ನಾನು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತನ್ನು ತಿದ್ದಬೇಡಿ.

ಕ್ಯಾಂಪಿಗೆ ನಾನು ಬಂದಿದ್ದೆ, ಸ್ವಾಮಿ.

ನಮ್ಮೂರಿಂದ ದೇವನಹಳ್ಳಿಗೆ ಹೋಗುವ ರಸ್ತೆ ಪಕ್ಕದಲ್ಲಿ ಎದ್ದಿರುವ ಆ ಲೇಔಟು ಮೊದಲು ದ್ರಾಕ್ಷಿ ತೋಟವೇ ಆಗಿತ್ತು. ಅದರ ನೆನಪಿಗೋ ಚೆಂದಕ್ಕೋ, ಗೇಟಿನ ನೆತ್ತಿಯ ಮೇಲೆ ಕಬ್ಬಿಣದ ದ್ರಾಕ್ಷಿ ಗೊನೆ ಮಾಡಿಸಿ ನೇತುಹಾಕಿದ್ದಾರೆ. ಅಲ್ಲಿನ ಕ್ಲಬ್ ಹೌಸಿನಲ್ಲಿ ಸಾಕುಪ್ರಾಣಿಗಳ ಆರೋಗ್ಯ, ಸುರಕ್ಷತೆಯ ಸಲಹಾ ಶಿಬಿರವಿದೆ, ಆಸ್ಪತ್ರೆ ಡಾಕ್ಟರೇ ಬರುತ್ತಾರೆ ಎಂದು ಹಾಲಿನ ಡೈರಿಯಲ್ಲಿ ಯಾರೋ ಅಂದರು. ಸರ್ಕಾರದ ಡಾಕ್ಟರು ಎಂದರೆ ಎಲ್ಲರ ಡಾಕ್ಟರು ಎಂದು ನಂಬಿ, ನಮ್ಮ ಕೆಂಚಿಯ ಕೊರಳಿಗೆ ಕರುವಿನ ಹಗ್ಗ ಕಟ್ಟಿಕೊಂಡು ಹೊರಟೆ. ಆಗ ಅದು ಗಬ್ಬ. ಗೇಟಿನ ಕಾವಲಿಗೆ ಇದ್ದವನು ನಮ್ಮೂರಿನ ರಾಮಾಂಜಿನಪ್ಪ.

"ಎಲ್ಲಿಗಕ್ಕಾ, ನಾಯಿ ಸವಾರಿ?"

"ಡಾಕ್ಟ್ರು ಬಂದವ್ರಂತಲ್ಲ, ಎರಡು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ ಕಣೋ."

"ಒಳಗೆ ಬಿಡಕ್ಕಾಗಲ್ಲ ಕಣಕ್ಕ. ಇದು ಪೆಟ್‌ಗಳಿಗೆ."

"ಹಂಗಂದ್ರೆ?"

"ಸಾಕಿರೋ ನಾಯಿಗಳಿಗೆ."

"ಇದನ್ನೇನು ನಾನು ಬಾಡಿಗೆಗೆ ತಂದಿದೀನೇನೋ?"

ಅವನು ನಕ್ಕುಬಿಟ್ಟ. ಆಮೇಲೆ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿ, "ಅಕ್ಕಾ, ಅವು ಪೆಟ್ಟು, ನಿಂದು ನಾಯಿ. ನನ್ನ ಕೆಲಸಕ್ಕೆ ಕುತ್ತು ತರಬೇಡ, ಹೋಗು ತಾಯಿ" ಎಂದ.

ಅವನನ್ನು ನಾನು ಬಯ್ಯುವುದಿಲ್ಲ. ಅವನು ಹೇಳಿದ್ದು ತಮ್ಮ ಇಲಾಖೆಯ ಮನಸ್ಸಿನಲ್ಲಿರುವುದನ್ನೇ. ಒಳಗಿಂದ ಮೈಕಿನಲ್ಲಿ ತಮ್ಮ ದನಿ ಕೇಳುತ್ತಿತ್ತು, ಇಂಗ್ಲಿಷಿನಲ್ಲಿ. ನಡುನಡುವೆ ನಗು, ಚಪ್ಪಾಳೆ. ತಾವು ಆಗ ದ್ರಾಕ್ಷಿಯ ವಿಚಾರವನ್ನೇ ಹೇಳುತ್ತಿದ್ದಿರೋ ಏನೋ. ಆ ಕಬ್ಬಿಣದ ಗೊನೆಯ ಕೆಳಗೆ ನಿಂತು ನಾನೂ ಕೆಂಚಿಯೂ ಕೇಳಿಸಿಕೊಂಡೆವು. ಇಬ್ಬರಿಗೂ ಒಂದೇ ಸಮ ಅರ್ಥವಾಯಿತು.

ಈಗ ನಮ್ಮ ಮನೆಯ ಪದ್ಧತಿ ಹೇಳುತ್ತೇನೆ, ತಾಳ್ಮೆಯಿಂದ ಓದಿ. ನಮ್ಮ ಮನೆದೇವರು ಭೈರವ. ನಾಯಿ ಆ ಸ್ವಾಮಿಯ ವಾಹನ. ಪ್ರತಿ ಫಸಲಿನ ಮೊದಲ ದ್ರಾಕ್ಷಿ ಗೊನೆ ಅವನ ಗುಡಿಗೆ ಹೋಗಬೇಕು. ನೈವೇದ್ಯವಾದ ಹಣ್ಣನ್ನು ತಂದು, ಬೆಲ್ಲ, ಕಾಯಿತುರಿ, ಅವಲಕ್ಕಿ ಕಲಸಿ ರಸಾಯನ ಮಾಡಿ, ಮನೆಯ ನಾಯಿಗೆ ಇಟ್ಟ ಮೇಲೆಯೇ ಮನೆಮಂದಿ ಹಣ್ಣು ಮುಟ್ಟುವುದು. ನನ್ನ ಅತ್ತೆ ಅಮ್ಮಯಮ್ಮ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇದನ್ನು ತಮ್ಮ ಕೈಯಾರೆ ನಡೆಸಿಕೊಂಡು ಬಂದವರು. ಬೇರೆ ವರ್ಷಗಳಲ್ಲಿ ನಾಯಿಯ ಪಾಲಿಗೆ ಬೀಳುತ್ತಿದ್ದುದು ಶಾಸ್ತ್ರಕ್ಕೆ ಎರಡೋ ಮೂರೋ ಹಣ್ಣು. ಏನೂ ಆಗಿರಲಿಲ್ಲ. ಈ ಸಲ ಕೆಂಚಿ ಮರಿ ಹಾಕಿ ಮಲಗಿತ್ತಲ್ಲ, ಅತ್ತೆಯ ಕರುಳು ಕೇಳಲಿಲ್ಲ.

"ಬಾಣಂತಿ ಕಣೇ ಅದು. ಬಾಣಂತಿಗೆ ಶಾಸ್ತ್ರಕ್ಕೆ ಬಡಿಸಿದ್ರೆ ಸ್ವಾಮಿ ಮೆಚ್ತಾನಾ? ಹೊಟ್ಟೆ ತುಂಬ ತಿನ್ಲಿ ಬಿಡು."

ತಟ್ಟೆ ತುಂಬ ಬಡಿಸಿದರು. ಬೆಲ್ಲದ ರುಚಿಗೆ ಕೆಂಚಿ ತಟ್ಟೆಯನ್ನೂ ನೆಕ್ಕಿತು. ಅತ್ತೆ ನಿಂತು ಕೈಮುಗಿದರು.

ಮಾರನೆಯ ದಿನ ವಾಂತಿ ಶುರುವಾಯಿತು. ಬಾಣಂತಿಗೆ ದೃಷ್ಟಿಯಾಗಿದೆ ಎಂದು ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಅದರ ಮರುದಿನ ಕೆಂಚಿ ಏಳಲೇ ಇಲ್ಲ. ಉಚ್ಚೆ ಕಟ್ಟಿಹೋಗಿತ್ತು, ಮರಿಗಳು ಮೊಲೆಗೆ ಬಾಯಿ ಹಾಕಿದರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಮರಿಗಳ ಹತ್ತಿರ ಅತ್ತೆಯನ್ನು ಬಿಟ್ಟು, ನಾನು ಹಾಲಿನ ಆಟೋದಲ್ಲಿ ಅದನ್ನು ಹಾಕಿಕೊಂಡು ತಮ್ಮ ಆಸ್ಪತ್ರೆಗೆ ಬಂದೆ. ತಾವು ಹೊಟ್ಟೆ ಮುಟ್ಟಿ ನೋಡಿದಿರಿ.

"ಏನು ತಿನ್ಸಿದ್ರಿ?"

"ಸ್ವಾಮಿ ಪ್ರಸಾದ ಸಾರ್. ದ್ರಾಕ್ಷಿ ರಸಾಯನ."

"ದ್ರಾಕ್ಷೀನಾ? ನಾಯಿಗಾ? ಕಿಡ್ನಿ ಹೋಗಿರುತ್ತೆ ಕಣಮ್ಮ. ತಿಂದ ತಕ್ಷಣ ತಂದಿದ್ರೆ ವಾಂತಿ ಮಾಡ್ಸಿ, ಡ್ರಿಪ್ ಹಾಕಿ ನೋಡಬೋದಿತ್ತು. ಅಷ್ಟು ಹೇಳಿದ್ವಲ್ಲ, ಕ್ಯಾಂಪಿಗೆ ಬರಬೇಕಿತ್ತಮ್ಮ."

ಒಂದು ಸೂಜಿ ಚುಚ್ಚಿದಿರಿ, ಫೋನು ಬಂತು, ಆಚೆ ಹೋದಿರಿ. ತಾವು ತಿರುಗಿ ಬರುವಷ್ಟರಲ್ಲಿ ಕೆಂಚಿ ಇರಲಿಲ್ಲ. ಚಿಕಿತ್ಸೆಯಲ್ಲಿ ಕಮ್ಮಿ ಮಾಡಿದಿರಿ ಎಂದು ದೂರುವಷ್ಟು ವಿದ್ಯೆ ನನಗಿಲ್ಲ, ದೂರುವುದೂ ಇಲ್ಲ. ನನ್ನ ದೂರು ಅದಕ್ಕೂ ಹಿಂದಿನದು.

ನಮ್ಮ ಮನೆಯ ದಾರಿ ತಮಗೆ ಗೊತ್ತಿಲ್ಲವೇ? ಕೆಂಚಿ ಸಾಯುವುದಕ್ಕೂ ಹಿಂದಿನ ಫಸಲಿನ ಹೊತ್ತಿನಲ್ಲಿ ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ತಾವೇ ಬಂದಿದ್ದಿರಿ. ನಮ್ಮ ಅಂಗಳದ ದ್ರಾಕ್ಷಿ ಚಪ್ಪರದ ನೆರಳಿನಲ್ಲಿ ನಿಂತು, ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, "ಅಜ್ಜಿ, ಮಜ್ಜಿಗೆ ಅಂದ್ರೆ ಇದು" ಎಂದಿರಿ. ಕೈ ಚಾಚಿ ಒಂದು ಗೊನೆ ಕಿತ್ತು, ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನು ನೆಲಕ್ಕೆ ಉಗಿದಿರಿ. ಆ ಸಿಪ್ಪೆಯನ್ನು ಮೂಸಿ ನೋಡುತ್ತಾ ತಮ್ಮ ಬೂಟಿನ ಹತ್ತಿರವೇ ಸುತ್ತುತ್ತಿತ್ತು ಕೆಂಚಿ. ತಲೆಯ ಮೇಲೆ ದ್ರಾಕ್ಷಿ, ಕಾಲ ಬುಡದಲ್ಲಿ ನಾಯಿ, ನಡುವೆ ನಾಯಿಯ ಡಾಕ್ಟರು! ಇದಕ್ಕಿಂತ ಒಳ್ಳೆಯ ಸಲಹಾ ಶಿಬಿರವನ್ನು ಯಾವ ಕ್ಲಬ್ ಹೌಸಿನಲ್ಲಿ ಏರ್ಪಡಿಸಲು ಸಾಧ್ಯವಿತ್ತು? "ಅಜ್ಜಿ, ಇದನ್ನ ನಾಯಿಗೆ ಕೊಡಬೇಡಿ" ಎನ್ನಲು ಎಷ್ಟು ಉಸಿರು ಬೇಕಿತ್ತು? ಬಾಯಲ್ಲಿ ಹಣ್ಣಿತ್ತು, ಅದಕ್ಕೇ ಮಾತು ಹೊರಡಲಿಲ್ಲವೋ?

ಮಗಳು ಸಿಂಚನ ತಮ್ಮ ಶಿಬಿರದ ವಿಡಿಯೊವನ್ನು ಮೊಬೈಲಿನಲ್ಲಿ ಹುಡುಕಿ ನನಗೆ ಬಿಡಿಸಿ ಹೇಳಿದಳು. ಹುಟ್ಟುಹಬ್ಬದ ಕೇಕಿನಲ್ಲಿ ಒಣದ್ರಾಕ್ಷಿ ಇದ್ದರೆ ನಾಯಿಗೆ ತಿನ್ನಿಸಬೇಡಿ ಎಂದಿರಂತೆ. ಬಿಸಿಲಿನಲ್ಲಿ ಟಾರು ಕಾದಿರುತ್ತದೆ, ವಾಕಿಂಗಿಗೆ ಕರೆದೊಯ್ಯುವ ಮುಂಚೆ ಅಂಗೈ ಇಟ್ಟು ನೋಡಿ ಎಂದಿರಂತೆ. ಒಳ್ಳೆಯ ಮಾತುಗಳೇ, ನಾನು ಹೀಗಳೆಯುವುದಿಲ್ಲ. ಆ ನಾಯಿಗಳೂ ಬಾಯಿಲ್ಲದ ಜೀವಗಳು, ಅವು ತಣ್ಣಗಿರಲಿ. ಆದರೆ ನಾಯಿಯ ಹುಟ್ಟುಹಬ್ಬ ಮಾಡುವವರು ತಮ್ಮ ನೆನಪಿಗೆ ಬಂದರು, ದೇವರ ನೈವೇದ್ಯದಲ್ಲಿ ನಾಯಿಗೆ ಪಾಲಿಡುವವರು ಬರಲಿಲ್ಲ. ಕೊನೆಯಲ್ಲಿ ತಮಗೆ ಶಾಲು ಹೊದಿಸುತ್ತಾರೆ, ಉದ್ದ ಕೂದಲಿನ ನಾಯಿಯೊಂದನ್ನು ತೊಡೆಯ ಮೇಲೆ ಕೂರಿಸಿ ಫೋಟೊ ತೆಗೆಯುತ್ತಾರೆ. ಅಲ್ಲಿಗೆ ಮೊಬೈಲನ್ನು ಮಗಳ ಕೈಗೆ ಕೊಟ್ಟುಬಿಟ್ಟೆ. ಹಸು ಹಾಲು ಕೊಡುತ್ತದೆ, ಲೇಔಟಿನ ನಾಯಿ ಶಾಲು ಕೊಡಿಸುತ್ತದೆ. ಹಳ್ಳಿಯ ನಾಯಿ ಸರ್ಕಾರಕ್ಕೆ ಏನು ಕೊಟ್ಟೀತು?

ಇದನ್ನು ಓದಿ ತಾವು ಮೂಢನಂಬಿಕೆ ಎನ್ನಬಹುದು. ಅನ್ನಬೇಡಿ. ತಾವು ಒಂದು ಮಾತು ಹೇಳಿದ್ದರೆ ಅತ್ತೆ ಅಂದೇ ಹಣ್ಣನ್ನು ದೇವರಿಗಿಟ್ಟು, ನಾಯಿಗೆ ಹಾಲನ್ನ ಬಡಿಸುತ್ತಿದ್ದರು. ಭೈರವ ಅಷ್ಟಕ್ಕೆ ಮುನಿಸಿಕೊಳ್ಳುವ ದೇವರಲ್ಲ. ನಮ್ಮ ದೇವರ ಹತ್ತಿರ ಪದ್ಧತಿ ಬದಲಾಯಿಸಿಕೊಳ್ಳುವುದು ಸುಲಭ, ತಮ್ಮ ಆಫೀಸಿನ ಹತ್ತಿರ ಕಷ್ಟ.

ಇನ್ನು ಅತ್ತೆಯ ವಿಚಾರ. ಈ ಕಾಗದ ಬರೆಯಬೇಕಾಗಿ ಬಂದದ್ದೇ ಅವರಿಂದ. ಆ ದಿನದಿಂದ ಅವರು ಭೈರವನ ಮುಂದೆ ದೀಪ ಹಚ್ಚಿಲ್ಲ. ಸ್ವಾಮಿ ತಮ್ಮ ಕೈಯ ನೈವೇದ್ಯವನ್ನು ಒಲ್ಲೆನೆಂದು ಬಾಣಂತಿಯ ಪ್ರಾಣ ತೆಗೆದುಕೊಂಡ ಎಂದು ನಂಬಿ ಕೂತಿದ್ದಾರೆ. ಮೂರು ಮರಿಗಳಲ್ಲಿ ಎರಡನ್ನು ನೆಂಟರು ಒಯ್ದರು, ಒಂದು ನಮ್ಮಲ್ಲೇ ಇದೆ. ಅದು ಹೋಗಿ ಅವರ ಬೆರಳು ನೆಕ್ಕಿದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. "ಹೋಗು ಕೂಸೇ, ಈ ಕೈ ಒಳ್ಳೇದಲ್ಲ" ಎನ್ನುತ್ತಾರೆ. ತುತ್ತು ಹಾಕುವುದೂ ಇಲ್ಲ.

"ಅತ್ತೆ, ತಪ್ಪು ನಿಮ್ಮ ಕೈದಲ್ಲ, ಹಣ್ಣಿಂದು. ನಾಯಿಗೆ ಅದು ವಿಷ ಅಂತ ಡಾಕ್ಟ್ರೇ ಅಂದ್ರು" ಎಂದು ನಾನು ಹೇಳಿ ಸಾಕಾಗಿದೆ. ಅದಕ್ಕೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ನನ್ನ ಸಮಾಧಾನಕ್ಕೆ ಸುಳ್ಳು ಹೇಳಬ್ಯಾಡ ಕಣೇ. ಅಷ್ಟು ದೊಡ್ಡ ವಿಷ ಆಗಿದ್ರೆ, ಆವತ್ತು ನಮ್ಮ ಚಪ್ಪರದಡಿ ನಿಂತು ಹಣ್ಣು ತಿಂದ್ನಲ್ಲ ಆ ಪುಣ್ಯಾತ್ಮ, ನಾಯೀನೂ ಅಲ್ಲೇ ಇತ್ತು, ಹೇಳ್ತಿರ್ಲಿಲ್ವಾ? ಓದಿದೋನು, ನನ್ನ ಕೈ ಮಜ್ಜಿಗೆ ಕುಡಿದೋನು. ಹೇಳ್ದೆ ಇರ್ತಿದ್ನಾ?"

ಕೇಳಿದಿರಾ, ಮಾನ್ಯರೇ? ತಾವು ಅಷ್ಟು ಒಳ್ಳೆಯವರೆಂದು ನನ್ನ ಅತ್ತೆ ನಂಬಿದ್ದಾರೆ. ತಮ್ಮ ಮೇಲಿನ ನಂಬಿಕೆ ಬಿಡಲಾರದೆ ಮನೆದೇವರ ಮೇಲಿನ ನಂಬಿಕೆ ಬಿಟ್ಟಿದ್ದಾರೆ.

ಹಾಗಾಗಿ ನಾನು ಕೇಳುವುದು ಎರಡೇ. ಮುಂದಿನ ಫಸಲಿನ ಕಾಯಿ ಬಣ್ಣ ತಿರುಗುತ್ತಿದೆ, ಊರಿನ ಮನೆಮನೆಯಲ್ಲೂ ಭೈರವನಿಗೆ ಗೊನೆ ಕೀಳುತ್ತಾರೆ. ಅದಕ್ಕೆ ಮೊದಲು ಒಂದು ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೈರಿಯ ಮುಂದೆ ನಿಂತು, ಕ್ಲಬ್ ಹೌಸಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿ. ಶಾಲು ನಾವೂ ಹೊದಿಸುತ್ತೇವೆ. ಆಮೇಲೆ ನಮ್ಮ ಮನೆಗೆ ಬಂದು, ಆವತ್ತು ನಿಂತ ಜಾಗದಲ್ಲೇ ನಿಂತು, ಅಮ್ಮಯಮ್ಮನ ಎದುರಿಗೆ, "ಅಜ್ಜಿ, ಗೊತ್ತಿತ್ತು, ಹೇಳಲಿಲ್ಲ" ಎಂದು ತಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಅವರು ನಂಬುವುದಿಲ್ಲ.

ಮಜ್ಜಿಗೆ ಕೊಡುತ್ತೇನೆ. ಹಣ್ಣೂ ಕಿತ್ತುಕೊಳ್ಳಿ, ಬೇಡವೆನ್ನುವುದಿಲ್ಲ. ಸಿಪ್ಪೆಯನ್ನು ಮಾತ್ರ ಕೈಯಲ್ಲೇ ಹಿಡಿದುಕೊಳ್ಳಿ. ಕೆಂಚಿಯ ಮರಿ ಅಂಗಳದಲ್ಲೇ ಓಡಾಡಿಕೊಂಡಿರುತ್ತದೆ.

ಇಂತಿ,
ಶಿಬಿರಕ್ಕೆ ಬಂದು ಗೇಟಿನಲ್ಲೇ ನಿಂತವಳು,
ಅಮ್ಮಯಮ್ಮನ ಸೊಸೆ ಮುನಿರತ್ನಮ್ಮ
ದೇವನಹಳ್ಳಿ ಸೀಮೆ