ಸೆರಗಿಗೆ ಎತ್ತಿದ ಕೈ

ವೆರ್ಣಾ, ಗೋವಾ
ಶುಕ್ರವಾರ ರಾತ್ರಿ

ಅವ್ವಾ, ನಿನ್ನ ಶಿವಿಯ ಶರಣು.

ಇವತ್ತು ಎಲ್ಲದರ ಮೇಲೆ ಕಂಪನಿಯ ಬಸ್ಸೂ ತಪ್ಪಿತು ನೋಡು. ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ, ಮೆಟ್ಟಿಲಿಳಿಯುವಾಗ ಚಪ್ಪಲಿಯ ಪಟ್ಟಿ ಕಿತ್ತು ಬಂತು, ಚಹಾ ಸಹ ಹೊಟ್ಟೆಗೆ ಬೀಳಲಿಲ್ಲ. ತಬಸ್ಸುಮ ಇವತ್ತೂ ತನಗೊಬ್ಬಳಿಗೇ ಒಂದು ಲೋಟ ಮಾಡಿದಳು. ಒಂದು ಕೋಣೆ, ಒಂದು ಒಲೆ, ಎರಡು ಹಾಸಿಗೆ. ನಡುವೆ ಈ ಒಂದು ಲೋಟ. ಇಂಥ ಹೊತ್ತಿನಲ್ಲಿ ಈ ಕಂಪನಿಯನ್ನೇ ಬಿಟ್ಟುಬಿಡೋಣ ಅನ್ನಿಸುತ್ತದೆ. 'ಹಿಂದಿನ ಕಂಪನಿ ಬಿಟ್ಟಾಗೂ ಹಿಂಗಽ ಅಂದಿದ್ದಿ' ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ, ಬಿಡು.

ಎಲ್ಲರೂ ಮಲಗಿದ್ದಾರೆ. ನಾನು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ನನ್ನ ದನಿಯನ್ನೇ ಕಳಿಸಬಹುದಿತ್ತು. ಆದರೆ ನೀನು ಫೋನನ್ನು ಅಂಗಳದಲ್ಲಿಟ್ಟು ಜೋರಾಗಿ ಹಚ್ಚುತ್ತೀ, ಇಡೀ ಓಣಿ ಕೇಳುತ್ತದೆ. ಹೋದ ಸಲ ನನ್ನ ಹೊಟ್ಟೆನೋವಿಗೆ ಮೂರು ಮನೆಯವರು ಔಷಧ ಹೇಳಿದರು. ಈ ಮಾತು ಓಣಿಗಲ್ಲ, ನಿನಗೊಬ್ಬಳಿಗೆ. ಈ ಫೋನಿಗೆ ನಮ್ಮ ಕಡೆಯ ಮಾತು ತಿಳಿಯುವುದಿಲ್ಲ. ಶಾಲೆಯ ಪುಸ್ತಕದ ಹಾಗೆ ಮಾತಾಡಿದರೆ ಮಾತ್ರ ಸರಿಯಾಗಿ ಬರೆಯುತ್ತದೆ. ಹಾಗಾಗಿ ಹೆಡ್ ಮಾಸ್ತರರ ಹಾಗೆ ಮಾತಾಡುತ್ತಿದ್ದೇನೆ, ನಗಬೇಡ. ಜನ ಆಡಿದ ಮಾತನ್ನು ಮಾತ್ರ ಬೆರಳಿನಿಂದ ತಿದ್ದಿ, ಇದ್ದ ಹಾಗೇ ಇಟ್ಟಿದ್ದೇನೆ. ನಿಧಾನವಾಗಿ ಓದು.

ವಿಷಯ ನಿನಗೆ ಗೊತ್ತಿರುವುದೇ. ಮೊನ್ನೆ ಫೋನಿನಲ್ಲಿ ನಾನು ಅಂದ ಮಾತು ಸರಿಯಲ್ಲ. 'ಕುರ್ಚಿ ಸಿಕ್ಕ ಕೂಡ್ಲೆ ಗ್ವಾಡಿ ಮರತಿ' ಅಂದೆ. ನೀನು 'ಹಂಗಽ ತಿಳ್ಕೋವಾ' ಎಂದು ಇಟ್ಟುಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ನೀನು ಬೈಯದೆ ಫೋನ್ ಇಟ್ಟಿದ್ದು ನನಗೆ ತಿಳಿದ ಮಟ್ಟಿಗೆ ಅದೊಂದೇ ಸಲ. ಆಗಲೇ ಏನೋ ಸರಿಯಿಲ್ಲ ಅನ್ನಿಸಿತ್ತು.

ಅವ್ವಾ, ಆ ಗೋಡೆಯನ್ನು ನೀನು ಹೇಗೆ ಮರೆಯುತ್ತೀ? ಹಳೆ ಬಸ್ ಸ್ಟ್ಯಾಂಡಿನ ಗೋಡೆಗೆ ಬೆನ್ನು ಹಚ್ಚಿ ನೀನು ಮೆಂತ್ಯೆ ಮಾರಿದ್ದಕ್ಕೆ ನಾನು ಪಿಯುಸಿ ಮುಗಿಸಿದೆ. ನಿನ್ನ ಬಲಕ್ಕೆ ಲಾಲಬಿ ಚಾಚಿ, ಹಸಿಮೆಣಸಿನಕಾಯಿ, ಬದನೆಕಾಯಿ. ನಾನು ಮತ್ತು ಅವಳ ಮಗಳು ತಬಸ್ಸುಮ ಇಬ್ಬರೂ ಆ ಬುಟ್ಟಿಗಳ ಹಿಂದೆ ಗೋಣಿತಟ್ಟಿನ ಮೇಲೆ ನಿದ್ದೆ ಮಾಡಿ ದೊಡ್ಡವರಾದೆವು. ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ ನೀನು ಒಲ್ಲೆ ಅಂದೆ. ನಿನ್ನ ಕೈ ಹಿಡಿದು ಅರ್ಜಿ ಹಾಕಿಸಿದವಳು ಲಾಲಬಿ. ಮನೆಮನೆಗೆ ಹೋಗಿ, 'ಮೆಂತ್ಯೆ ತೂಕದಾಗ ಮೋಸ ಮಾಡಿಲ್ಲ ಈಕಿ, ಓಟಿನಾಗ ಮಾಡ್ತಾಳೇನ?' ಅಂದವಳೂ ಅವಳೇ. ನೀನು ಗೆದ್ದ ದಿನ ಅಪ್ಪ ಹೇಳಿದ್ದು ನೆನಪಿದೆಯೇ? ಬೇರೆಯವರ ಗಂಡಂದಿರು ಹೆಂಡಿರ ಬದಲು ತಾವೇ ಪುರಸಭೆಯ ಸುತ್ತ ಓಡಾಡುತ್ತಿದ್ದರೆ ಅಪ್ಪ, 'ಸಭಾಕ್ಕ ನೀನಽ ಹೋಗು ಮಾರಾಯ್ತಿ, ನನಗ ಕುರ್ಚಿ ಮ್ಯಾಲೆ ಕುಂತ್ರ ನಿದ್ದಿ ಬರ್ತೈತಿ' ಅಂದ. ಇಡೀ ಓಣಿ ನಕ್ಕಿತ್ತು.

ಅಂಥವಳು ಹೋದ ತಿಂಗಳ ಸಭೆಯಲ್ಲಿ, ಗೋಡೆಯ ಹೆಂಗಸರನ್ನೆಲ್ಲ ಊರ ಹೊರಗಿನ ಹೊಸ ಶೆಡ್ಡಿಗೆ ಕಳಿಸುವ ಠರಾವಿಗೆ ಕೈ ಎತ್ತಿದಳು ಎಂದರೆ ನಾನು ಹೇಗೆ ನಂಬಲಿ? ಆ ಶೆಡ್ಡು ಹೇಗಿದೆ ಎಂದು ನೀನೇ ಹೇಳಿದ್ದೆ. ಗಿರಾಕಿ ಅಷ್ಟು ದೂರ ನಡೆದು ಬರುವುದಿಲ್ಲ, ಬಸ್ಸೂ ನಿಲ್ಲುವುದಿಲ್ಲ. ಮುಂಡರಗಿ ಬಸ್ಸಿಗೆ ಕೈ ಮಾಡಿದರೆ ಡ್ರೈವರನೂ ನಗುತ್ತ ಕೈ ಮಾಡಿ ಮುಂದೆ ಹೋಗುತ್ತಾನೆ. ಲಾಲಬಿಯ ಮೊಣಕಾಲಿಗೆ ಬುಟ್ಟಿ ಹೊತ್ತು ಅಲ್ಲಿಯ ತನಕ ನಡೆಯುವುದು ಆಗದ ಮಾತು. ಆ ಠರಾವು ಗೆದ್ದದ್ದು ಒಂದೇ ಕೈಯಿಂದ. ಆ ಕೈ ನಿನ್ನದು ಎಂದು ಊರೆಲ್ಲ ಹೇಳುತ್ತದೆ. ನೀನೂ ಹಾಗೇ ಹೇಳುತ್ತೀ.

ಇವತ್ತು ಸಂಜೆ ನಾನು ಆ ಸಭೆಯ ವಿಡಿಯೋ ನೋಡಿದೆ. ಯಾರು ಕಳಿಸಿದರು ಎಂದು ಈಗ ಕೇಳಬೇಡ. ಸಭೆಯಲ್ಲಿ ಕೂತ ಯಾರೋ ಹಿಡಿದದ್ದು, ಊರ ಫೋನುಗಳಲ್ಲೆಲ್ಲ ತಿರುಗುತ್ತಿದೆಯಂತೆ. ನೀನು ಎರಡನೇ ಸಾಲಿನಲ್ಲಿ ಕೂತಿದ್ದೀ. ದೀಪಾವಳಿಗೆ ನಾನು ಕೊಡಿಸಿದ ಬೆಟಗೇರಿ ಸೀರೆ ಉಟ್ಟಿದ್ದೀ. ಮೊದಲ ಸಲ ಉಟ್ಟದ್ದು, ಗಂಜಿ ಇನ್ನೂ ಇಳಿದಿಲ್ಲ, ಸೆರಗು ಹಲಗೆಯ ಹಾಗೆ ನಿಂತಿದೆ. ಅಧ್ಯಕ್ಷರು ಠರಾವು ಓದಿಸುತ್ತಾರೆ. ನಿನ್ನ ಮುಖ ನೋಡಿದರೇ ಗೊತ್ತಾಗುತ್ತದೆ, ನಿನಗೆ ಒಪ್ಪಿಗೆ ಇಲ್ಲ; ಕೊಳೆತ ಟೊಮ್ಯಾಟೊ ಕೈಗೆ ಸಿಕ್ಕಾಗ ನೀನು ಹುಬ್ಬು ಗಂಟಿಕ್ಕುವ ಹಾಗೆಯೇ ಇದೆ. 'ಪರವಾಗಿ ಇರೋರು ಕೈ ಎತ್ರಿ' ಅಂದರು. ಆಗಲೇ ಬಾಗಿಲಲ್ಲಿ ಒಂದು ಕೆಮ್ಮು ಕೇಳಿಸಿತು.

ಲಕ್ಕಪ್ಪಜ್ಜನ ಕೆಮ್ಮು. ನಮ್ಮ ಅಪ್ಪನ ದೊಡ್ಡಪ್ಪ, ನಿನ್ನ ದೊಡ್ಡಮಾವ, ಸರ್ಕಾರದಿಂದ ನೇಮಕವಾದ ಸದಸ್ಯ. ಸಭೆಗೆ ಬರುತ್ತಾನೆ, ಮಾತಾಡುತ್ತಾನೆ, ಓಟು ಮಾತ್ರ ಇಲ್ಲ. ಅವತ್ತು ತಡವಾಗಿ ಬಂದ. ನಿನ್ನ ಬಲಗೈ ತಾನಾಗಿಯೇ ಎದ್ದಿತು. ಸೆರಗು ಹಿಡಿದು ತಲೆಯ ಮೇಲೆ ಎಳೆಯಿತು. ಗಂಜಿಯ ಸೆರಗು ಜಾರಿತು, ಮತ್ತೆ ಎಳೆದೆ, ಮತ್ತೆ ಜಾರಿತು. ಕೊನೆಗೆ ನೀನು ಅದನ್ನು ತಲೆಯ ಮೇಲೇ ಒತ್ತಿ ಹಿಡಿದುಕೊಂಡು ಕೂತುಬಿಟ್ಟೆ. ಗುಮಾಸ್ತ ಮುಂದಿನಿಂದ ಎಣಿಸುತ್ತ ಬಂದ. ಮುಂದಿನ ಸಾಲಿನವರ ತಲೆಗಳ ಮೇಲೆ ಅವನಿಗೆ ಕಂಡದ್ದು ಒಂದು ಬಳೆಗೈ, ಅಷ್ಟೇ.

ಠರಾವು ಪಾಸಾಯಿತು ಎಂದು ಮೇಜು ಬಡಿದರು. ನೀನು ಆಗ ಅತ್ತಿತ್ತ ನೋಡಿದೆ. ಆ ನೋಟವನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ, ಅವ್ವಾ. ಅಪಘಾತವಾದ ಮೇಲೆ ಬಸ್ಸಿನೊಳಗಿನ ಜನ ಹಾಗೆ ನೋಡುತ್ತಾರೆ. ನಿನ್ನ ಬಾಯಿ ತೆರೆಯಿತು. ಅಷ್ಟರಲ್ಲಿ ಲಕ್ಕಪ್ಪಜ್ಜ ಎದ್ದು, 'ನೋಡ್ರಿ ನಮ್ಮ ಸೊಸಿ! ಗ್ವಾಡಿ ಮುಂದ ಕುಂತು ಮಾರಿದಾಕಿನಽ ಊರು ಸುಧಾರಿಸಾಕ ಕೈ ಎತ್ತ್ಯಾಳ!' ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿನ್ನ ಬಾಯಿ ಮುಚ್ಚಿತು.

ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ. ಅವನು ನಿಜವಾಗಿಯೂ ಹೆಮ್ಮೆಯಿಂದಲೇ ಅಂದ. ನಿನ್ನ ಸೆರಗಿನ ಮೇಲೂ ಸಿಟ್ಟಿಲ್ಲ. ನಿನ್ನ ಕೈ ನನಗೆ ಗೊತ್ತಿಲ್ಲವೇ? ಅಜ್ಜ ಹುಬ್ಬಳ್ಳಿಯ ದವಾಖಾನೆಯಿಂದ ಫೋನ್ ಮಾಡಿದಾಗ ನೀನು ಫೋನ್ ಕಿವಿಗೆ ಹಿಡಿದು ಸೆರಗು ಹೊದ್ದುಕೊಂಡಿದ್ದೆ. 'ಫೋನಿನಾಗ ಅವರಿಗೆ ಕಾಣಾಂಗಿಲ್ಲ ಬೇ' ಅಂದರೆ, 'ನನಗ ಕಾಣ್ತೈತಲ್ಲ' ಅಂದೆ. ಆ ಕೈ ಠರಾವು ಕೇಳುವುದಿಲ್ಲ, ಅಧ್ಯಕ್ಷರನ್ನು ಕೇಳುವುದಿಲ್ಲ, ನಿನ್ನನ್ನೂ ಕೇಳುವುದಿಲ್ಲ.

ಆದರೆ ಅದೇ ಸಂಜೆ ಲಾಲಬಿ ಮನೆಗೆ ಬಂದು, 'ಖರೆ ಹೇಳು ಅಮೃತಾ, ನೀನಽ ಎತ್ತೀಯೇನ?' ಎಂದು ಕೇಳಿದಳಲ್ಲ, ಆಗ ನೀನು 'ಹೂಂ, ತಿಳದಽ ಎತ್ತೀನಿ' ಅಂದೆಯಂತೆ. ಅವಳು ಚಹಾ ಕುಡಿಯದೆ ಎದ್ದು ಹೋದಳಂತೆ. ಇದನ್ನು ನನಗೆ ಅಪ್ಪ ಹೇಳಿದ. ಕೇಳದಿದ್ದರೂ ಇನ್ನೊಂದು ಮಾತನ್ನೂ ಹೇಳಿದ: ಆ ಹೊತ್ತಿನಲ್ಲಿ ಲಕ್ಕಪ್ಪಜ್ಜ ನಮ್ಮ ಕಟ್ಟೆಯ ಮೇಲೇ ಕೂತಿದ್ದ, ನೀನು ಸೆರಗು ಹೊದ್ದುಕೊಂಡೇ ಉತ್ತರ ಕೊಟ್ಟೆ.

ನನಗೆ ಈಗ ತಿಳಿಯುತ್ತದೆ. ಅಷ್ಟು ಜನರೆದುರು ನಿನ್ನನ್ನು ಹೊಗಳಿದ ಹಿರಿಯನಿಗೆ ನಿನ್ನಿಂದ ಮುಖಭಂಗವಾಗಬಾರದು. ಇನ್ನೊಂದೂ ಇದೆ, ನೀನು ಹೇಳದಿದ್ದರೂ ನಾನು ಹೇಳುತ್ತೇನೆ: ಕೈ ಯಾವುದಕ್ಕೆ ಎತ್ತಬೇಕು ಎಂಬುದೂ ಈ ಹೆಂಗಸಿಗೆ ತಿಳಿಯಲಿಲ್ಲ ಎಂದು ನಗಿಸಿಕೊಳ್ಳುವುದಕ್ಕಿಂತ, ಕೆಟ್ಟವಳು ಅನ್ನಿಸಿಕೊಳ್ಳುವುದೇ ಮೇಲು ಎಂದುಕೊಂಡೆ. ನಾನೂ ನಿನ್ನ ಮಗಳೇ. ಇಲ್ಲಿ ಸೇರಿದ ಹೊಸದರಲ್ಲಿ ಸೂಪರ್‌ವೈಸರ್ ಹಿಂದಿಯಲ್ಲಿ ಏನೋ ಕೇಳಿದ, ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ನೋಡಿದರೆ ಭಾನುವಾರ ಯಾರು ಬರುತ್ತೀರಿ ಎಂದು ಕೇಳಿದ್ದ. ತಿಳಿಯಲಿಲ್ಲ ಅನ್ನಲು ನಾಚಿಕೆಯಾಗಿ ಒಂದು ತಿಂಗಳು ಭಾನುವಾರವೂ ಗುಳಿಗೆ ಡಬ್ಬಿ ತುಂಬಿದೆ. ನಿನಗೆ 'ಭಾನುವಾರ ನನಗ ಹೊತ್ತು ಹೋಗಾಂಗಿಲ್ಲ, ಅದಕ್ಕಽ ಕೆಲಸಕ್ಕ ಹೋಗ್ತೀನಿ' ಅಂದಿದ್ದೆನಲ್ಲ, ಅದು ಇದೇ.

ನಾನು ಕಳೆದುಕೊಂಡದ್ದು ನನ್ನ ಭಾನುವಾರ. ನಿನ್ನ ಕೈಯಿಂದ ಹೋಗುತ್ತಿರುವುದು ಲಾಲಬಿಯ ಗೋಡೆ. ಅಷ್ಟೇ ವ್ಯತ್ಯಾಸ, ಅವ್ವಾ.

ಸೋಮವಾರ ಸಭೆ ಇದೆ ಎಂದು ಅಪ್ಪ ಹೇಳಿದ. ಸಭೆ ಹೇಗೆ ಶುರುವಾಗುತ್ತದೆ ಎಂದು ನನಗೆ ಹೇಳಿಕೊಟ್ಟವಳು ನೀನೇ. ಮೊದಲು ಹಿಂದಿನ ಸಭೆಯ ನಡಾವಳಿ ಓದುತ್ತಾರೆ, ತಕರಾರು ಇದ್ದವರು ಆಗಲೇ ಹೇಳಬೇಕು, ಆದರೆ ಆ ಹೊತ್ತಿಗೇ ತಿನ್ನಲು ಚೂಡಾ, ಮಿರ್ಚಿ ಬರುತ್ತವೆ, ಓದುವುದನ್ನು ಯಾರೂ ಕೇಳುವುದಿಲ್ಲ ಎಂದು ನಕ್ಕಿದ್ದೆ. ಈ ಸಲ ಮಿರ್ಚಿ ಮುಟ್ಟಬೇಡ. ಆ ಠರಾವು ಓದುವಾಗ ಎದ್ದು ನಿಲ್ಲು. 'ನಾ ಕೈ ಎತ್ತಿದ್ದು ಸೆರಗಿಗೆ ರೀ, ಠರಾವಿಗಲ್ಲ. ನನ್ನ ಓಟು ಆ ಕಡೆ ಬರಕೋಬ್ಯಾಡ್ರಿ' ಅನ್ನು. ಅದಕ್ಕಿಂತ ಹೆಚ್ಚು ಬೇಡ.

ನಗುತ್ತಾರೆ, ನಾನು ಸುಳ್ಳು ಹೇಳುವುದಿಲ್ಲ. ಮತ್ತೆ ಎಣಿಸುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ. ಎಣಿಸಿದರೂ ಅಷ್ಟರಲ್ಲಿ ಅಧ್ಯಕ್ಷರು ಇನ್ನೊಂದು ಕೈ ಹುಡುಕಿಟ್ಟಿರಬಹುದು. ಲಕ್ಕಪ್ಪಜ್ಜ ಒಂದಷ್ಟು ದಿನ ಕಟ್ಟೆಗೆ ಬರುವುದನ್ನು ಬಿಟ್ಟರೂ ಬಿಟ್ಟಾನು. ಇದೆಲ್ಲ ಆಗಬಹುದು. ಆದರೂ ಹೇಳು.

ಅಜ್ಜನ ಎದುರಿಗೆ ಸೆರಗಿಲ್ಲದೆ ನಿಲ್ಲು ಎಂದು ನಾನು ಹೇಳುವುದಿಲ್ಲ. ಪೌಡರ್ ಡಬ್ಬಿಯಲ್ಲಿ ನನ್ನ ಪಿನ್ನುಗಳಿವೆ. ಮನೆಯಿಂದ ಹೊರಡುವಾಗಲೇ ಸೆರಗು ತಲೆಗೆ ಹೊದ್ದು ಎರಡೂ ಕಡೆ ಪಿನ್ನು ಹಚ್ಚಿಕೊಂಡು ಹೋಗು. ಹಳೆ ಕಾಟನ್ ಸೀರೆ ಉಡು, ಬೆಟಗೇರಿಯದು ಬೇಡ. ಆಗ ಯಾರು ಕೆಮ್ಮಿದರೂ ನಿನ್ನ ಕೈ ನಿನ್ನ ಹತ್ತಿರವೇ ಇರುತ್ತದೆ.

ಅಪ್ಪನಿಗೆ ಗುಳಿಗೆ ತಪ್ಪಿಸಬೇಡ ಎಂದು ಹೇಳು. ನಾನು ಅಂದ ಆ ಗೋಡೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನಿನ್ನ ಮಗಳು,
ಶಿವಲಕ್ಷ್ಮಿ

ತಾ.ಕ.: ಇದನ್ನು ಹೇಳುವುದಿಲ್ಲ ಎಂದು ತಬಸ್ಸುಮಳಿಗೆ ಆಣೆ ಮಾಡಿದ್ದೆ, ಆದರೆ ಹೇಳದೆ ಮೆಟ್ಟಿಲಿಳಿದು ಹೋಗಲು ಆಗುತ್ತಿಲ್ಲ. ಆ ವಿಡಿಯೋ ಕಳಿಸಿದ್ದು ಲಾಲಬಿ ಚಾಚಿ. ತಬಸ್ಸುಮಳಿಗೆ ಕಳಿಸಿ, 'ಶಿವಿಗೆ ತೋರ್ಸು, ಅವರವ್ವನ ಮ್ಯಾಲೆ ಆಕಿ ಸಿಟ್ಟಾಗೂದು ಬ್ಯಾಡ' ಅಂದಳಂತೆ. ಅವಳಿಗೆ ಮೊದಲ ದಿನವೇ ಗೊತ್ತಿತ್ತು, ಅವ್ವಾ. 'ಇಷ್ಟು ವರ್ಷ ಬಾಜೂಕ ಕುಂತೀನಿ, ಆಕಿ ಕೈ ನನಗ ಗೊತ್ತಿಲ್ಲೇನ? ಮಾವ ಹಾದ್ಯಾಗ ಹಾಯ್ದ್ರ ತಕ್ಕಡಿ ಬಿಟ್ಟು ಸೆರಗು ಹಿಡಿಯೂ ಕೈ ಅದು. ಎಷ್ಟು ಸಲ ಆಕಿ ತಕ್ಕಡಿ ನಾ ಹಿಡದೀನಿ! ನನ್ನ ಸಿಟ್ಟು ಕೈ ಮ್ಯಾಲಲ್ಲ, ಬಾಯಿ ಮ್ಯಾಲೆ. ಊರಿಗೆಲ್ಲ ಸುಳ್ಳು ಹೇಳ್ಲಿ, ನನಗೂ ಹೇಳೂದಾ?' ಅಂದಳಂತೆ. ನಿನ್ನ ಗೋಣಿತಟ್ಟನ್ನು ಇನ್ನೂ ದಿನಾ ತನ್ನ ಎಡಕ್ಕೆ ಹಾಸುತ್ತಾಳಂತೆ, ಯಾರನ್ನೂ ಕೂರಗೊಡುವುದಿಲ್ಲ. ಅವಳ ಹತ್ತಿರ ಹೋಗಲು ಸೋಮವಾರದ ದಾರಿ ಕಾಯಬೇಡ, ನಾಳೆಯೇ ಹೋಗು. ವಿಡಿಯೋ ತೋರಿಸಿದ ಮೇಲೆ ತಬಸ್ಸುಮ ಎರಡು ಲೋಟ ಚಹಾ ಮಾಡಿದಳು, ನನ್ನದಕ್ಕೆ ಸಕ್ಕರೆ ಮರೆತಿದ್ದಳು, ನಾನು ಏನೂ ಅನ್ನದೆ ಕುಡಿದೆ. ಸಭೆಯಲ್ಲಿ ಎದ್ದು ನಿಂತರೂ ಫೋನ್ ಮಾಡು, ನಿಲ್ಲಲಾಗದಿದ್ದರೂ ಮಾಡು. ನನಗೆ ಊಟಕ್ಕೆ ಬಿಡುವುದು ಸೋಮವಾರ ಮಧ್ಯಾಹ್ನ ಒಂದೂವರೆಗೆ.